ಫ್ಯಾಟಿ ಲಿವರ್ ರಿಪೋರ್ಟ್: ಗಂಡಸರದ್ದು ಒಂಥರಾ, ಹೆಂಗಸರದ್ದು ಇನ್ನೊಂಥರಾ ಓದಬೇಕು

ಸ್ಕ್ಯಾನಿಂಗ್‌ನಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’ (ಲಿವರ್‌ನಲ್ಲಿ ಸ್ವಲ್ಪ ಕೊಬ್ಬು ಸೇರಿದೆ) ಅಂತ ಬಂದರೆ ಮನೆಯಲ್ಲಿ ಕೇಳುವುದು ಎರಡೇ ಮಾತು. ಗಂಡಸಿಗೆ ‘ಕುಡಿಯೋದು ಬಿಡು’. ಹೆಂಗಸಿಗೆ ‘ನೀನೇನು ಕುಡೀತೀಯಾ, ಏನೂ ಆಗಲ್ಲ’. ಎರಡನೆಯ ಮಾತು ನಂಬಬೇಡಿ, ಅದರಲ್ಲೂ ಮುಟ್ಟು ನಿಂತವರು.

ಮೊದಲು ವಯಸ್ಸು ನೋಡಿ. ಹೆಣ್ಣು ಹಾರ್ಮೋನು ಈಸ್ಟ್ರೋಜನ್ ಚೆನ್ನಾಗಿರುವ ತನಕ ಹೆಂಗಸರ ಮೈಯಲ್ಲಿ ಕೊಬ್ಬು ಜಾಸ್ತಿ ಸೇರುವುದು ಸೊಂಟ, ತೊಡೆಯ ಚರ್ಮದಡಿ. ಅದರಿಂದ ಲಿವರ್‌ಗೆ ಅಷ್ಟು ತೊಂದರೆ ಇಲ್ಲ. ಮುಟ್ಟು ನಿಂತ ಮೇಲೆ ಅದೇ ಕೊಬ್ಬು ಹೊಟ್ಟೆಯೊಳಗೆ ಸೇರತೊಡಗುತ್ತದೆ, ಇನ್ಸುಲಿನ್ ಮಾತು ಮೈ ಕೇಳುವುದು ಕಡಿಮೆಯಾಗುತ್ತದೆ, ಹೀಗಾಗಿ ಅಲ್ಲಿಯವರೆಗೆ ಗಂಡಸರಲ್ಲೇ ಹೆಚ್ಚಿದ್ದ ಈ ಕಾಯಿಲೆ 50 ದಾಟಿದ ಹೆಂಗಸರಲ್ಲೂ ಏರುತ್ತದೆ, ಲಿವರ್ ಗಟ್ಟಿಯಾಗುವುದೂ ಬೇಗ ಆಗಬಹುದು. ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆಸಿಕೊಂಡವರಿಗೆ ಈ ಬದಲಾವಣೆ 40ಕ್ಕೇ ಶುರುವಾಗಬಹುದು. ಡಾಕ್ಟರಿಗೆ ಇದನ್ನು ನೀವೇ ಹೇಳಿ, ಅವರು ಕೇಳದೇ ಇರಬಹುದು.

ಪಿಸಿಓಡಿ (ಅಂಡಾಶಯ, ಹಾರ್ಮೋನಿನ ಏರುಪೇರು) ಇರುವ ಹುಡುಗಿಯರ ಕಥೆ ಬೇರೆ. ಅವರಲ್ಲಿ ಗಂಡು ಹಾರ್ಮೋನು ಜಾಸ್ತಿ, ಅದೇ ಲಿವರ್‌ಗೆ ಕೊಬ್ಬು ತುಂಬುವುದಕ್ಕೂ ದಾರಿ. ವಿಚಿತ್ರ ಏನೆಂದರೆ ಗಂಡಸರಲ್ಲಿ ಅದೇ ಟೆಸ್ಟೋಸ್ಟಿರಾನ್ ಕಡಿಮೆ ಇದ್ದವರಿಗೇ ಫ್ಯಾಟಿ ಲಿವರ್ ಹೆಚ್ಚು! ಹಾಗಂತ ಜಿಮ್‌ನಲ್ಲಿ ಯಾರೋ ಹೇಳಿದರೆಂದು ಇಂಜೆಕ್ಷನ್ ತಗೋಬೇಡಿ. ಹೊಟ್ಟೆ ಕರಗಿದರೆ ಹಾರ್ಮೋನು ತಾನಾಗಿ ಸ್ವಲ್ಪ ಏರುತ್ತದೆ.

ಇನ್ನು ರಕ್ತದ ರಿಪೋರ್ಟ್. ಎಸ್‌ಜಿಪಿಟಿ (ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಎಂಜೈಮ್) 40ರ ಒಳಗಿದ್ದರೆ ಲ್ಯಾಬಿನವರು ನಾರ್ಮಲ್ ಅಂತ ಬರೆದುಬಿಡುತ್ತಾರೆ. ಲಿವರ್ ತಜ್ಞರು ಹೇಳುವ ಮಿತಿ ಗಂಡಸರಿಗೆ 33, ಹೆಂಗಸರಿಗೆ 25. ಅದು ಸರಿ ಇದ್ದರೂ ಕಾಯಿಲೆ ಇಲ್ಲ ಅಂತಲ್ಲ, ಆದ್ದರಿಂದ ಲಿವರ್ ಎಷ್ಟು ಗಟ್ಟಿಯಾಗಿರಬಹುದು ಅಂತ ಅಂದಾಜು ಕೊಡುವ ಎಫ್‌ಐಬಿ-4 ಲೆಕ್ಕ ಹಾಕಿ. ವಯಸ್ಸನ್ನು ಎಸ್‌ಜಿಒಟಿಯಿಂದ (ಅದೂ ಅಂಥದ್ದೇ ಎಂಜೈಮ್) ಗುಣಿಸಿ, ಬಂದದ್ದನ್ನು ಪ್ಲೇಟ್‌ಲೆಟ್ ಸಂಖ್ಯೆಯನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿದಾಗ ಬರುವ ಸಂಖ್ಯೆಯಿಂದ ಭಾಗಿಸಿ. ಪ್ಲೇಟ್‌ಲೆಟ್ 2 ಲಕ್ಷ ಇದ್ದರೆ 200 ಅಂತ ಹಾಕಬೇಕು. ಉದಾಹರಣೆಗೆ 52ರ ಹೆಂಗಸು, ಎಸ್‌ಜಿಒಟಿ 45, ಎಸ್‌ಜಿಪಿಟಿ 36, ಪ್ಲೇಟ್‌ಲೆಟ್ 2 ಲಕ್ಷ: 2340 ಭಾಗಿಸು 1200, ಅಂದರೆ 1.95. ಎಸ್‌ಜಿಪಿಟಿ ‘ನಾರ್ಮಲ್’, ಆದರೂ ಈ ಲೆಕ್ಕದ ಮಿತಿಯಾದ 1.3 ದಾಟಿದೆ ಅಲ್ವಾ? ಇವರು ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಸ್ಕ್ಯಾನ್) ಮಾಡಿಸಿಕೊಳ್ಳಬೇಕು. 65 ದಾಟಿದವರಿಗೆ ಮಿತಿ 2. 35ರೊಳಗಿನವರಿಗೆ ಈ ಲೆಕ್ಕ ಅಷ್ಟು ನಂಬಿಕೆಯದಲ್ಲ.

ತೂಕಕ್ಕಿಂತ ಟೇಪು ಮುಖ್ಯ. ನಮ್ಮ ಮೈಗೆ ಹೊಟ್ಟೆಯ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಬಾರದು. ತೂಕದಲ್ಲಿ ನೂರಕ್ಕೆ 5ರಷ್ಟು ಇಳಿದರೂ ಲಿವರ್‌ನ ಕೊಬ್ಬು ಕರಗುತ್ತದೆ, ಗಟ್ಟಿಯಾಗುತ್ತಿರುವ ಲಿವರ್ ಸುಧಾರಿಸಬೇಕಾದರೆ 10 ಬೇಕು. ಮುಟ್ಟು ನಿಂತವರು ಬರೀ ವಾಕಿಂಗ್ ನೆಚ್ಚಿಕೊಂಡು ಕೂರಬೇಡಿ, ಮಾಂಸಖಂಡವೂ ಆಗ ಕರಗುತ್ತಿರುತ್ತದೆ, ವಾರಕ್ಕೆ ಎರಡು ಸಲವಾದರೂ ಭಾರ ಎತ್ತಿ, ಜೊತೆಗೆ ಮೊಟ್ಟೆಯೋ ಬೇಳೆಯೋ ಜಾಸ್ತಿ ಇರಲಿ, ಅನ್ನ ಕಡಿಮೆ. ಸಕ್ಕರೆ ಹಾಕದ ಕಾಫಿ ಬಿಡಬೇಕಿಲ್ಲ, ಲಿವರ್‌ಗೆ ಅದು ಒಳ್ಳೆಯದೇ.

ಸ್ತನ ಕ್ಯಾನ್ಸರಿಗೆ ಟ್ಯಾಮೊಕ್ಸಿಫೆನ್ ತಗೊಳ್ಳುತ್ತಿರುವವರಿಗೂ ಫ್ಯಾಟಿ ಲಿವರ್ ಬರಬಹುದು, ಆ ಮಾತ್ರೆ ಈಸ್ಟ್ರೋಜನ್ ಕೆಲಸಕ್ಕೆ ಅಡ್ಡ ಬರುತ್ತದೆ. ಆದರೆ ನೀವಾಗಿಯೇ ನಿಲ್ಲಿಸಬೇಡಿ. ಕ್ಯಾನ್ಸರ್ ಡಾಕ್ಟರಿಗೆ ಸ್ಕ್ಯಾನಿಂಗ್ ರಿಪೋರ್ಟ್ ತೋರಿಸಿ, ಅವರೇ ನಿರ್ಧರಿಸಲಿ.