ಫೆರಿಟಿನ್ 8 ಇದ್ದರೂ ನಾನು ಕೋಡ್ ಹಾಕುವಂತಿರಲಿಲ್ಲ

ಬೆಂಗಳೂರಿನಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳ ಚಾರ್ಟ್‌ಗಳಿಗೆ, ಅಂದರೆ ರೋಗಿಗಳ ದಾಖಲೆಗಳಿಗೆ, ಐಸಿಡಿ-10-ಸಿಎಂ ಕೋಡ್ ಹಾಕುವುದು ನನ್ನ ಕೆಲಸ. ಒಂದೊಂದು ಕಾಯಿಲೆಗೂ ಒಂದೊಂದು ಕೋಡ್ ಕೊಡುವ, ಅಮೆರಿಕದಲ್ಲಿ ಬಳಸುವ ಪಟ್ಟಿ ಅದು. ಅನೀಮಿಯಾ, ಅಂದರೆ ರಕ್ತಹೀನತೆ, ಸುಲಭ ಅಂತ ಮೊದಮೊದಲು ಅಂದುಕೊಂಡಿದ್ದೆ. ಒಂದು ಚಾರ್ಟ್ ಆಡಿಟ್‌ನಿಂದ ವಾಪಸ್ ಬಂದ ಮೇಲೆ ಹಾಗೆ ಅನಿಸಿಲ್ಲ.

30 ವಾರದ ಗರ್ಭಿಣಿ. ಡಾಕ್ಟರ್ ಬರೆದದ್ದು 'ಅನೀಮಿಯಾ' ಅಂತ ಅಷ್ಟೇ. ಹಿಮೋಗ್ಲೋಬಿನ್ 9.1, ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟು ಅಂತ ತೋರಿಸುವ ಫೆರಿಟಿನ್ 8, ಎರಡೂ ಕಮ್ಮಿ. ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ಸರಿಯಾಗಿ ಊಟ ಸೇರುತ್ತಿಲ್ಲ ಅಂತ ನರ್ಸ್ ನೋಟ್‌ನಲ್ಲಿದೆ. ನಾನು ಡಿ50.9 ಹಾಕಿ ಕಳಿಸಿದೆ, ಕಾರಣ ಹೇಳದ ಕಬ್ಬಿಣದ ಕೊರತೆಯ ಅನೀಮಿಯಾದ ಕೋಡ್ ಅದು. ಕಬ್ಬಿಣದ ಕೊರತೆ ಕಣ್ಣಿಗೆ ಕಾಣುತ್ತಿದೆ ಅಲ್ವಾ?

ಎರಡು ತಪ್ಪಾಗಿತ್ತು. ಗರ್ಭಿಣಿಯಾದ್ದರಿಂದ ಮೊದಲು ಓ99.013 ಬರಬೇಕಿತ್ತು, ಮೂರನೇ ತ್ರೈಮಾಸಿಕದ ರಕ್ತಹೀನತೆಯದು. ಅದಕ್ಕಿಂತ ದೊಡ್ಡ ತಪ್ಪು, 'ಕಬ್ಬಿಣದ ಕೊರತೆ' ಅಂತ ಡಾಕ್ಟರ್ ಎಲ್ಲೂ ಬರೆದಿರಲಿಲ್ಲ. ಲ್ಯಾಬ್ ರಿಪೋರ್ಟ್ ನೋಡಿ ಕಾಯಿಲೆಯನ್ನು ನಾನೇ ತೀರ್ಮಾನ ಮಾಡಿದ್ದೆ. ಅದು ಕೋಡರ್ ಮಾಡುವ ಕೆಲಸವಲ್ಲ. ನರ್ಸ್ ಬರೆದದ್ದನ್ನೂ ಕಾರಣ ಅಂತ ಹಿಡಿಯುವಂತಿಲ್ಲ.

ಡಾಕ್ಟರಿಗೆ ಕ್ವೈರಿ, ಅಂದರೆ ಸ್ಪಷ್ಟನೆ ಕೇಳುವ ಪ್ರಶ್ನೆ, ಕಳಿಸಿದೆ. 'ಇದು ಕಬ್ಬಿಣದ ಕೊರತೆಯೇ?' ಅಂತ ಕೇಳಿದರೆ ಉತ್ತರ ನಾವೇ ಬಾಯಿಗೆ ಹಾಕಿದಂತೆ. ಅದಕ್ಕೆ ಲ್ಯಾಬ್ ಅಂಕಿ, ಮಾತ್ರೆ, ನರ್ಸ್ ನೋಟ್ ಮೂರನ್ನೂ ಇದ್ದ ಹಾಗೇ ಇಟ್ಟು, ಯಾವ ಬಗೆಯ ಅನೀಮಿಯಾ, ಕಾರಣ ಏನು ಅಂತಷ್ಟೇ ಕೇಳಿದೆ. ಉತ್ತರ ಬಂತು: ಊಟದಲ್ಲಿ ಕಬ್ಬಿಣ ಸಾಲದೆ ಬಂದ ಅನೀಮಿಯಾ. ಆ ಒಂದು ಸಾಲಿಗೆ ಡಿ50.9 ಹೋಗಿ ಡಿ50.8 ಬಂತು. ಕೊನೆಗೆ ಓ99.013, ಡಿ50.8, ಜೊತೆಗೆ 30 ವಾರಕ್ಕೆ ಝಡ್3ಎ.30.

'ಪೋಷಣೆಯ ಕೊರತೆ' ಅಂದ ತಕ್ಷಣ ಡಿ53.9, ಅಂದರೆ ಯಾವ ಪೋಷಕಾಂಶ ಅಂತ ಹೇಳದ ಅನೀಮಿಯಾದ ಕೋಡ್, ಹಾಕುವವರು ಜಾಸ್ತಿ. ಯಾವ ಪೋಷಕಾಂಶ ಅಂತ ಗೊತ್ತಿದ್ದರೆ ಅದು ಬೇಡ. ಸಸ್ಯಾಹಾರದಿಂದ ಬಿ12 ಕೊರತೆಯ ಅನೀಮಿಯಾ ಅಂತ ಬರೆದಿದ್ದರೆ ಡಿ51.3. ಊಟದಿಂದ ಫೋಲೇಟ್ ಕಮ್ಮಿಯಾಗಿದ್ದರೆ ಡಿ52.0, ಔಷಧಿಯಿಂದ ಆದರೆ ಡಿ52.1. ಬಿ12 ಕಮ್ಮಿ ಇದ್ದು ಅನೀಮಿಯಾ ಇಲ್ಲದಿದ್ದರೆ ಇ53.8 ಮಾತ್ರ.

ಈಗಲೂ ನನ್ನನ್ನು ಜಾಸ್ತಿ ತಡೆದು ನಿಲ್ಲಿಸುವುದು ಡಿ50.0. ಅದು ಬಹಳ ದಿನದ ರಕ್ತಸ್ರಾವದಿಂದ ಬಂದ ಕಬ್ಬಿಣದ ಕೊರತೆಯದು. ವಯಸ್ಸಾದವರ ಚಾರ್ಟ್‌ನಲ್ಲಿ ಮಲದಲ್ಲಿ ರಕ್ತ ಅಂತ ಎಲ್ಲೋ ಒಂದು ಮೂಲೆಯಲ್ಲಿದ್ದು, ಕೊನೆಯಲ್ಲಿ ಡಾಕ್ಟರ್ ಬರೀ ಕಬ್ಬಿಣದ ಕೊರತೆ ಅಂತ ಬರೆದಿದ್ದರೆ ನಾನು ಮುಂದಕ್ಕೆ ಹೋಗುವುದಿಲ್ಲ. ಮತ್ತೊಂದು ಕ್ವೈರಿ ಕಳಿಸುತ್ತೇನೆ.