ಹನ್ನೆರಡು ಮಂದಿ, ಎರಡು ಮೇಜು: ನಮ್ಮ ಪೋಕರ್ ಟೂರ್ನಿ ನಡೆಸುವ ಬಗೆ

ಹನ್ನೆರಡು ಮಂದಿಯ ಹೋಲ್ಡೆಮ್ (ಕೈಯಲ್ಲಿ ಎರಡೆಲೆ, ನಡುವೆ ಎಲ್ಲರಿಗೂ ಸೇರಿದ ಐದೆಲೆ ಇಟ್ಟು ಆಡುವ ಪೋಕರ್) ಟೂರ್ನಿಗೆ ನಾವು ಎತ್ತಿಡುವುದು ನಾಲ್ಕೂವರೆ ಗಂಟೆ. ಬೆಳಿಗ್ಗೆ 10.30ಕ್ಕೆ ಮೊದಲ ಎಲೆ ಬಿದ್ದರೆ ಮಧ್ಯಾಹ್ನ ಮೂರಕ್ಕೆ ಮುಗಿದಿರಬೇಕು. ಕೊಡಗಿನ ಸಿದ್ದಾಪುರದ ಕಡೆಯವರು ಕತ್ತಲಾಗುವ ಮೊದಲು ಮನೆ ಸೇರಬೇಕು, ಆ ದಾರಿಯಲ್ಲಿ ಆನೆ ಕಾಟ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಕರೆದರೂ ಯಾರೂ ಬರುವುದಿಲ್ಲ, ಹಾಗಾಗಿ ನಮ್ಮ ಆಟ ಮಳೆಗಾಲದ್ದು.

ಮಳೆಗಾಲಕ್ಕೆ ಕಾಗದದ ಎಲೆ ಬೇಡವೇ ಬೇಡ. ಒಂದೇ ದಿನದಲ್ಲಿ ತೇವ ಹೀರಿ ಉಬ್ಬುತ್ತವೆ, ಎರಡೆರಡು ಅಂಟಿಕೊಂಡು ಹಂಚಿಕೆ ತಪ್ಪುತ್ತದೆ. ಪೂರ್ತಿ ಪ್ಲಾಸ್ಟಿಕ್ ಎಲೆ, ಮೇಜಿಗೆ ಎರಡು ಕಟ್ಟು, ಹಿಂಬದಿಯ ಬಣ್ಣ ಬೇರೆ ಬೇರೆ. ಒಬ್ಬರು ಹಂಚುವಾಗ ಇನ್ನೊಬ್ಬರು ಎರಡನೇ ಕಟ್ಟನ್ನು ಕಲೆಸಿಟ್ಟರೆ ಗಂಟೆಗೆ ಹಲವು ಕೈ (ಒಂದೊಂದು ಹಂಚಿಕೆಯ ಆಟ) ಹೆಚ್ಚು ಸಿಗುತ್ತವೆ. ಊಟದ ಮೇಜಿನ ಮೇಲೆ ದಪ್ಪ ಕಂಬಳಿ ಮಡಿಸಿ ಹಾಸಿದರೆ ಎಲೆ ಎತ್ತುವುದು ಸಲೀಸು.

ತಲೆಗೆ 5,000ದ ಚಿಪ್ (ಅಂಕಿ ಬರೆದ ಬಿಲ್ಲೆ, ದುಡ್ಡಲ್ಲ): 25ರದ್ದು ಎಂಟು, 100ರದ್ದು ಎಂಟು, 500ರದ್ದು ನಾಲ್ಕು, 1,000ದ್ದು ಎರಡು. ಹನ್ನೆರಡು ಮಂದಿಗೆ 264 ಚಿಪ್ ಆಯಿತು. 500 ಚಿಪ್‌ನ ಪೆಟ್ಟಿಗೆ ಇದ್ದರೆ ಆಮೇಲೆ ಬದಲಿಸಿಕೊಡಲೂ ಉಳಿಯುತ್ತದೆ.

ಎಲೆ ನೋಡುವ ಮೊದಲೇ ಇಬ್ಬರು ಸರದಿಯಂತೆ ಕಟ್ಟಬೇಕಾದ ಸಣ್ಣ ಮತ್ತು ದೊಡ್ಡ ಪಣವೇ ಬ್ಲೈಂಡ್. ಅದು ಇಪ್ಪತ್ತು ನಿಮಿಷಕ್ಕೊಮ್ಮೆ ಏರುತ್ತದೆ: 25/50, 50/100, 75/150, 100/200, 150/300. ಅಲ್ಲಿಗೆ 12.10. ಮುಕ್ಕಾಲು ಗಂಟೆ ಊಟ. ಆ ಹೊತ್ತಿಗೆ 25ರ ಚಿಪ್‌ಗಳನ್ನೆಲ್ಲ ಹಿಂದಕ್ಕೆ ಪಡೆದು ನಾಲ್ಕಕ್ಕೊಂದು 100 ಕೊಡುತ್ತೇವೆ, ಚಿಲ್ಲರೆ ಉಳಿದವರಿಗೆ ಮೇಲೊಂದು ಸೇರಿಸಿಬಿಡುತ್ತೇವೆ. ಇದನ್ನು 150/300ಕ್ಕೆ ಮೊದಲೇ ಮಾಡಿದರೆ ಫಜೀತಿ, 150 ಕಟ್ಟಲು ಯಾರ ಬಳಿಯೂ ಚಿಲ್ಲರೆ ಇರುವುದಿಲ್ಲ. ಊಟವಾದ ಮೇಲೆ 200/400, 300/600, 400/800, 600/1,200. ಇಲ್ಲಿ 100ರವೂ ಹೊರಗೆ. ಆಮೇಲೆ 1,000/2,000, 1,500/3,000. ಮೇಜಿನ ಮೇಲಿರುವ ಒಟ್ಟು ಮೊತ್ತ ಸುಮಾರು 60,000. ದೊಡ್ಡ ಬ್ಲೈಂಡ್ 3,000 ಆದಾಗ ಎಲ್ಲರದ್ದೂ ಸೇರಿಸಿದರೂ ಇಪ್ಪತ್ತೇ ಬ್ಲೈಂಡ್. ಅದರಾಚೆಗೆ ಆಟ ಎಳೆಯುವುದು ಅಪರೂಪ. ಸಮಯ ನೋಡಲು ಮೊಬೈಲ್ ಟೈಮರ್ ಸಾಕು. ಟಿವಿಗೆ ಹಾಕಿದರೆ ಕರೆಂಟ್ ಹೋದಾಗ ಲೆಕ್ಕವೂ ಹೋಗುತ್ತದೆ.

ಊಟಕ್ಕೆ ಪಂದಿಕರಿ, ಕಡಂಬುಟ್ಟು ಇದ್ದೇ ಇರುತ್ತದೆ, ಆದರೆ ಮೇಜಿನಿಂದ ದೂರ. ಎಲೆ ಮುಟ್ಟುವ ಮುನ್ನ ಸೋಪು ಹಾಕಿ ಕೈ ತೊಳೆಯಲೇಬೇಕು. ಎಕ್ಕದ ಬೆನ್ನಿಗೆ ಮಸಾಲೆಯ ಬೆರಳಚ್ಚು ಬಿದ್ದರೆ ಆ ಕಟ್ಟು ಅವತ್ತಿಗೆ ಮುಗಿದಂತೆ.

ಮೂರೆಲೆಯ ತೀನ್ ಪತ್ತಿ ಆಡಿ ಬಂದವರಿಗೆ ಎರಡು ವಿಷಯ ಮೊದಲೇ ಹೇಳಿ. ಅಲ್ಲಿ ಸೀಕ್ವೆನ್ಸ್ (ಸಾಲಾಗಿ ಬಂದ ಎಲೆ) ಕಲರ್‌ಗಿಂತ (ಒಂದೇ ಜಾತಿಯ ಎಲೆ) ದೊಡ್ಡದು, ಇಲ್ಲಿ ಉಲ್ಟಾ: ಐದೂ ಒಂದೇ ಜಾತಿಯ ಫ್ಲಶ್ ಮುಂದೆ ಐದು ಸಾಲೆಲೆಯ ಸ್ಟ್ರೈಟ್ ಸೋಲುತ್ತದೆ. ಮೂರೆಲೆಯಲ್ಲಿ ಸೀಕ್ವೆನ್ಸ್ ಬರುವ ಬಗೆ 720, ಕಲರ್ 1,096. ಐದೆಲೆಗೆ ಬಂದರೆ ಸ್ಟ್ರೈಟ್ 10,200, ಫ್ಲಶ್ 5,108. ಯಾವುದು ಅಪರೂಪವೋ ಅದು ಮೇಲು. ಎರಡನೆಯದು, ಎಕ್ಕ-ಎರಡು-ಮೂರಕ್ಕೆ ಅಲ್ಲಿರುವ ಗತ್ತು ಇಲ್ಲಿಲ್ಲ. ಎಕ್ಕದಿಂದ ಐದರವರೆಗಿನದು ಎಲ್ಲಕ್ಕಿಂತ ಸಣ್ಣ ಸ್ಟ್ರೈಟ್.

"ನಿನ್ನ ಇನ್ನೂರು... ಅದರ ಮೇಲೆ ನಾನೂರು" ಎನ್ನುವ ಸಿನಿಮಾ ಶೈಲಿಯೂ ನಡೆಯದು. ಮೊದಲ ಮಾತೇ ಅಂತಿಮ, ಅದು ಬರೀ ಕಾಲ್, ಅಂದರೆ ಎದುರಿನ ಪಣಕ್ಕೆ ಸರಿಗಟ್ಟಿದ್ದಷ್ಟೇ. ಬ್ಲೈಂಡ್ 100/200 ಇರುವಾಗ ಬಾಯಿ ಬಿಡದೆ 1,000ದ ಒಂದೇ ಚಿಪ್ ಎಸೆದರೂ ಕಾಲ್ ಎಂದೇ ಲೆಕ್ಕ, ಉಳಿದ 800 ವಾಪಸ್.

ಜಗಳ ಹೆಚ್ಚಾಗುವುದು ಆಲ್‌ಇನ್‌ನಲ್ಲಿ, ಅಂದರೆ ತಮ್ಮ ಚಿಪ್‌ಗಳನ್ನೆಲ್ಲ ಪಣಕ್ಕಿಟ್ಟಾಗ. ಮೂವರು ಆಲ್‌ಇನ್ ಆಗಿದ್ದಾರೆ ಅನ್ನಿ: ಒಬ್ಬರದ್ದು 400, ಇನ್ನೊಬ್ಬರದ್ದು 900, ಮತ್ತೊಬ್ಬರದ್ದು 1,500. ಮೂವರಿಂದಲೂ ತಲಾ 400 ತೆಗೆದು ನಡುವಿಗೆ ಸರಿಸಿ, 1,200 ಮುಖ್ಯ ಪಾಟ್ (ಗೆದ್ದವರಿಗೆ ಸೇರುವ ರಾಶಿ). ಉಳಿದಿಬ್ಬರಿಂದ ತಲಾ 500, ಅದು 1,000ದ ಸೈಡ್ ಪಾಟ್. ಕೊನೆಯವರ 600 ಅವರಿಗೇ. ಎಲೆ ತೋರಿಸುವಾಗ ಮೊದಲು ಸೈಡ್ ಪಾಟ್ ಇತ್ಯರ್ಥ ಮಾಡಿ, ಆಮೇಲೆ ಮುಖ್ಯದ್ದು. 400 ಇಟ್ಟವರ ಕೈ ಎಷ್ಟೇ ದೊಡ್ಡದಿರಲಿ, ಸಿಗುವುದು 1,200 ಮಾತ್ರ. ಈ ರಾಶಿಗಳನ್ನು ಕೊನೆಯ ಎಲೆ ಬೀಳುವ ಮೊದಲೇ ಬೇರೆ ಮಾಡಿಡಬೇಕು. ಗೆದ್ದವರು ಗೊತ್ತಾದ ಮೇಲೆ ಲೆಕ್ಕಕ್ಕೆ ಕೂತರೆ ಯಾರೂ ಒಪ್ಪುವುದಿಲ್ಲ.

ಎರಡು ಮೇಜುಗಳ ನಡುವೆ ಇಬ್ಬರ ವ್ಯತ್ಯಾಸ ಬಂತೆಂದರೆ, ದೊಡ್ಡ ಮೇಜಿನಲ್ಲಿ ಮುಂದಿನ ಕೈಗೆ ದೊಡ್ಡ ಬ್ಲೈಂಡ್ ಕಟ್ಟಬೇಕಿದ್ದವರು ಎದ್ದು ಹೋಗಬೇಕು. ಎಂಟು ಮಂದಿ ಉಳಿದಾಗ ಒಂದೇ ಮೇಜು, ಜಾಗಕ್ಕೆ ಎಲೆ ಎತ್ತುವುದು. ಔಟಾದವರಿಗೆ ಜಗಲಿಯಲ್ಲಿ ಕೇರಂ ಬೋರ್ಡ್, ಬೆಲ್ಲದ ಕಾಫಿ.

ಜೂಜಾಗದಿರಲಿ ಎಂದು ದುಡ್ಡು ಕಟ್ಟುವುದಿಲ್ಲ, ಊಟದ ಖರ್ಚು ಮಾತ್ರ ಸಮಪಾಲು. ದುಡ್ಡಿಲ್ಲದ ಆಟಕ್ಕಿರುವ ರೋಗ ಒಂದೇ, ಮೊದಲ ಕೈಯಲ್ಲೇ ಉಡಾಫೆಯ ಆಲ್‌ಇನ್. ಅದಕ್ಕೆ ಮದ್ದು ಅಂಕಪಟ್ಟಿ: ಮೊದಲು ಔಟಾದವರಿಗೆ 1, ಗೆದ್ದವರಿಗೆ 12, ಮಳೆಗಾಲ ಮುಗಿದಾಗ ಒಟ್ಟು ಲೆಕ್ಕ. ಪಟ್ಟಿ ಗೋಡೆಗೇರಿದಂದಿನಿಂದ ಎಲ್ಲರೂ ಫೋಲ್ಡ್ ಮಾಡಲು (ಎಲೆ ಕೆಳಗಿಟ್ಟು ಆ ಕೈ ಬಿಡಲು) ಕಲಿತರು.

ಕೊನೆಗೆ ಇಬ್ಬರೇ ಉಳಿದಾಗ ಬಟನ್ (ಹಂಚುವ ಸರದಿಯ ಗುರುತು) ಇದ್ದವರೇ ಸಣ್ಣ ಬ್ಲೈಂಡ್ ಕಟ್ಟಬೇಕು. ಮೊದಲ ಸುತ್ತಿನಲ್ಲಿ ಮಾತು ಅವರದ್ದು ಮೊದಲು, ನಡುವೆ ಮೂರೆಲೆ ಬಿದ್ದ ಮೇಲೆ ಅವರದ್ದು ಕೊನೆಗೆ. ಇದನ್ನು ಒಂದು ಚೀಟಿಯಲ್ಲಿ ಬರೆದು ಚಿಪ್ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಡಿ.