ಬೇಸಿಗೆಯಲ್ಲೂ ಹೊದಿಕೆ: ನನ್ನ ಥೈರಾಯ್ಡ್ ಅನುಭವ

ಚಿತ್ರದುರ್ಗದ ಏಪ್ರಿಲ್ ಗೊತ್ತಲ್ವಾ? ಬಂಡೆಗಳು ರಾತ್ರಿಯೂ ಕಾದಿರುತ್ತವೆ. ಮನೆಯವರೆಲ್ಲ ಮಾಳಿಗೆ ಮೇಲೆ ಮಲಗಿದರೆ ನಾನು ಒಳಗೆ, ಫ್ಯಾನ್ ಆರಿಸಿ, ಹೊದ್ದುಕೊಂಡು ಮಲಗುತ್ತಿದ್ದೆ. ಕೈಕಾಲು ತಣ್ಣಗೆ, ಮಧ್ಯಾಹ್ನಕ್ಕೇ ಸುಸ್ತು, ಕೂದಲು ಉದುರುವುದು ಬೇರೆ.

"ರಕ್ತ ಕಮ್ಮಿ ಇರ್ಬೇಕು ಕಣಮ್ಮಾ" ಅಂದರು ಅತ್ತೆ. ಅದೂ ಸುಳ್ಳಲ್ಲ, ರಕ್ತಹೀನತೆಯಿಂದಲೂ ಚಳಿಯಾಗುತ್ತದೆ. ಡಾಕ್ಟರು ರಕ್ತಹೀನತೆ, ಥೈರಾಯ್ಡ್ ಎರಡನ್ನೂ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ ಇತ್ತು. ಟಿಎಸ್‌ಎಚ್ ಮಾತ್ರ ತುಂಬಾ ಜಾಸ್ತಿ, ಟಿ4 ಕಡಿಮೆ. ಟಿ4 ಅಂದರೆ ಥೈರಾಯ್ಡ್ ಗ್ರಂಥಿ ಕೊಡುವ ಹಾರ್ಮೋನು, ಟಿಎಸ್‌ಎಚ್ ಅಂದರೆ ಅದನ್ನು ಮಾಡು ಅಂತ ಮೆದುಳಿನ ಬುಡದ ಗ್ರಂಥಿ ಕಳಿಸುವ ಸಂದೇಶ. ಥೈರಾಯ್ಡ್ ಹಾರ್ಮೋನು ಸಾಲದಾದರೆ ಮೈಯಲ್ಲಿ ಶಾಖ ಹುಟ್ಟುವುದೇ ಕಡಿಮೆ.

ಆ ಹೊತ್ತಿಗೆ ನಾದಿನಿ ಒಂದು ಲೆಕ್ಕ ಹೇಳಿದಳು. ಬೆಳಗ್ಗೆ ಏಳುವ ಮೊದಲೇ ಕಂಕುಳಲ್ಲಿ ಥರ್ಮಾಮೀಟರ್ ಇಡಬೇಕಂತೆ, 97.8 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿದ್ದರೆ ಥೈರಾಯ್ಡ್ ತೊಂದರೆಯಂತೆ. ಅಮೆರಿಕದ ಡಾಕ್ಟರ್ ಬ್ರೋಡಾ ಬಾರ್ನ್ಸ್ ಹಬ್ಬಿಸಿದ ಹಳೆಯ ಲೆಕ್ಕ ಅದು. ನಾನೂ ಬರೆದಿಟ್ಟೆ, ಕೆಳಗೇ ಇತ್ತು. ಸುಮ್ನೆ ಯಜಮಾನರ ಕಂಕುಳಲ್ಲೂ ಇಟ್ಟೆ. ಅವರದ್ದೂ ಹೆಚ್ಚುಕಡಿಮೆ ಅಷ್ಟೇ! ಅವರ ಥೈರಾಯ್ಡ್ ರಿಪೋರ್ಟ್ ಸರಿಯಾಗೇ ಇದೆ. ಮೈ ಬಿಸಿ ಎಲ್ಲರಿಗೂ ನಸುಕಿನಲ್ಲಿ ಇಳಿದಿರುತ್ತದೆ, ಕಂಕುಳಲ್ಲಿ ಬಾಯಿಗಿಂತ ಕಡಿಮೆ ತೋರಿಸುತ್ತದೆ. ಹೆಂಗಸರಿಗೆ ತಿಂಗಳ ಚಕ್ರದಲ್ಲೂ ಏರಿಳಿಯುತ್ತದೆ. ಪುಸ್ತಕ ಮುಚ್ಚಿಟ್ಟೆ.

ನಿಜವಾದ ಕೆಲಸ ಇದ್ದದ್ದು ಮಾತ್ರೆಯ ಹೊತ್ತಿನಲ್ಲಿ. ಲೆವೋಥೈರಾಕ್ಸಿನ್ ಅನ್ನುವ ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ. ಟೀ ಒಂದು ಗಂಟೆ ಕಾಯಬೇಕು, ನನಗೆ ಕಷ್ಟವಾಗಿದ್ದು ಅದೊಂದೇ. ಕಬ್ಬಿಣದ ಮಾತ್ರೆ ಜೊತೆಗೆ ನುಂಗಿದರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕನಿಷ್ಠ 4 ಗಂಟೆ ಅಂತರ ಬೇಕು, ಕ್ಯಾಲ್ಸಿಯಂ ಮಾತ್ರೆಗೂ ಹಾಗೇ. ಅದಕ್ಕೇ ಕಬ್ಬಿಣದ್ದನ್ನು ರಾತ್ರಿಗೆ ಹಾಕಿಕೊಂಡೆ. ನಮ್ಮೂರ ಸೆಕೆಗೆ ಮಾತ್ರೆ ಕೆಡಬಾರದೆಂದು ಡಬ್ಬಿಯನ್ನು ಅಡುಗೆಮನೆಯಿಂದ ತೆಗೆದು ಬೀರುವಿನಲ್ಲಿಟ್ಟೆ.

ಚಳಿ ಒಂದೇ ವಾರಕ್ಕೆ ಹೋಗಲಿಲ್ಲ. ಈ ಔಷಧಿ ನಿಧಾನ. ಡೋಸ್ ಬದಲಿಸಿದರೆ 6ರಿಂದ 8 ವಾರ ಬಿಟ್ಟು ಟಿಎಸ್‌ಎಚ್ ನೋಡುತ್ತಾರೆ. ಚಳಿ ಇದೆ ಅಂತ ನಾವೇ ಇನ್ನರ್ಧ ಮಾತ್ರೆ ನುಂಗುವಂತಿಲ್ಲ, ಎದೆ ಡವಡವ ಹೊಡೆದುಕೊಳ್ಳಬಹುದು, ಮೂಳೆಯೂ ಸವೆಯುತ್ತದೆ.

ಥರ್ಮಾಮೀಟರ್ ಬಿಸಾಕಿ ಅಂತಲ್ಲ. ಥೈರಾಯ್ಡ್ ಹಾರ್ಮೋನು ಕಮ್ಮಿ ಇರುವ ವಯಸ್ಸಾದವರು ಮಂಕಾಗಿ, ತೂಕಡಿಸುತ್ತಾ, ಮಾತು ತೊದಲುತ್ತಿದ್ದರೆ, ಮೈ ಬಿಸಿ 95ಕ್ಕಿಂತ ಇಳಿದಿದ್ದರೆ ಬೆಳಗಾಗಲಿ ಅನ್ನಬೇಡಿ. ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.